ವಿದಾದಮ್ಮನ ಎದೆಪಟ್ಟಿ

“ಈ ಮುದಿಗೂಬೆಗೆ ಹೇಳೇ ನಿಂಗಿ, ಹೊಲಿಗೆ ಬಿಚ್ಚು ಅಂದ್ರೆ ಬಿಚ್ಚಬೇಕು. ನಾನು ಸಂಬಳ ಕೊಡೋದು ಹೊಲಿಯಕ್ಕೆ, ದೇಶ ಕಟ್ಟಕ್ಕಲ್ಲ.”

ತ್ರಿಪುರಸುಂದರಿ ಮೇಡಂ ಬೈಯುವುದು ಕನ್ನಡದಲ್ಲಿ, ನಗುವುದು ಇಂಗ್ಲಿಷಿನಲ್ಲಿ. ಎದುರು ನಿಂತಿದ್ದ ವಿದಾದಮ್ಮನಿಗೆ ಕನ್ನಡ ಬಾರದು. ಆದರೆ ಬೈಗುಳ ತಿಳಿಯಲು ಭಾಷೆ ಕಲಿಯಬೇಕಾಗಿಲ್ಲ. ಅರವತ್ತೆರಡರ ಆ ಹೆಂಗಸು ಕನ್ನಡಕದ ಮೇಲಿಂದ ಮೇಡಂ ಬಾಯನ್ನೇ ನೋಡುತ್ತಿದ್ದಳು.

ಫ್ಲೋರಲ್ ಪಾರ್ಕಿನ ಹಿಲ್‌ಸೈಡ್ ಅವೆನ್ಯೂದಲ್ಲಿ ಮೇಡಂ ಬಟ್ಟೆ ಅಂಗಡಿ ಇದೆ. ಮೇಲೆ ಕನ್ನಡಿ, ದೀಪ, ರೇಷ್ಮೆ. ಕೆಳಗಿನ ನೆಲಮಾಳಿಗೆಯಲ್ಲಿ ವಿದಾದಮ್ಮ, ನಾನು, ಎರಡು ಮಷೀನು, ಒಂದು ಹೀಟರು. ನಮ್ಮ ನಡುವಿನ ಮೇಜಿನ ಮೇಲೆ ಅವಳು ಹೊಲಿದ ಕಪ್ಪು ಉಡುಪು ಹರಡಿಕೊಂಡಿತ್ತು. ಎದೆಯ ಮೇಲೆ ಕೆಂಪು ದಾರದ ಕಸೂತಿಯ ಹಳೆಯ ಪಟ್ಟಿ, ಅದರ ಕೆಳಗೆ ಒಂದು ಸಾಲು ಅಕ್ಷರ. ಅರಬ್ಬಿಯಲ್ಲೊಮ್ಮೆ, ಇಂಗ್ಲಿಷಿನಲ್ಲೊಮ್ಮೆ: ಬೈತ್ ದಜನ್, ಪ್ಯಾಲೆಸ್ಟೈನ್. ಜಗಳವೆಲ್ಲ ಆ ಸಾಲಿನದು.

ಬೆಳಿಗ್ಗೆ ಅಂಗಡಿಯ ಗಿರಾಕಿ ಸ್ಮಿತಾ ಮೇಡಂ ಟ್ರಯಲ್ಲಿಗೆ ಬಂದಿದ್ದರು. ಮಕ್ಕಳ ಶಾಲೆಯ ಇಂಟರ್‌ನ್ಯಾಷನಲ್ ನೈಟಿಗೆ ಸ್ಟೇಜ್ ಮೇಲೆ ಅಮ್ಮಂದಿರ ನಡಿಗೆ, ದೇಶಕ್ಕೊಂದು ಉಡುಪು, ಎಲ್ಲ ನಮ್ಮ ಅಂಗಡಿಯಿಂದಲೇ. ಈ ಕಪ್ಪು ಉಡುಪು ಕಂಡ ಕೂಡಲೇ ಇದು ತಮಗೇ ಬೇಕು ಎಂದರು. ಆಮೇಲೆ ಅಕ್ಷರ ಓದಿದರು.

“ಅಯ್ಯೋ, ಈ ಹೆಸರು ಬೇಡ ಸುಂದರಿ. ಪೇರೆಂಟ್ಸಲ್ಲಿ ಎಲ್ಲಾ ತರದವ್ರೂ ಇದ್ದಾರೆ. ನಮ್ಮ ಗ್ರೀನ್ ಕಾರ್ಡ್ ಬೇರೆ ಇನ್ನೂ ಪೆಂಡಿಂಗು, ಯಾರಾದ್ರೂ ಫೋಟೋ ತೆಗೆದು ಹಾಕಿದ್ರೆ? ಮೆಡಿಟರೇನಿಯನ್ ಅಂತ ಮಾಡ್ಸು. ಕೇಳಕ್ಕೂ ಚೆನ್ನಾಗಿದೆ.”

ಆ ಮಾತನ್ನು ಮೇಡಂ ಈಗ ಇಂಗ್ಲಿಷಿನಲ್ಲಿ ವಿದಾದಮ್ಮನಿಗೆ ಹೇಳಿದಳು.

“ಮೆಡಿಟರೇನಿಯನ್ ಅಂದರೆ ಸಮುದ್ರ,” ಅಂದಳು ವಿದಾದಮ್ಮ. “ನಾನೇನು ಮೀನೇ?”

ನನಗೆ ನಗು ಬಂತು. ಮೇಡಂಗೆ ಬರಲಿಲ್ಲ. ಐದು ನಿಮಿಷದಲ್ಲಿ ವಿದಾದಮ್ಮನ ಕೆಲಸ ಹೋಯಿತು. ಅವಳು ಕೋಟು ಹಾಕಿಕೊಂಡು ಉಡುಪಿಗೆ ಕೈ ಚಾಚಿದಳು. ಮೇಡಂ ಅದರ ಮೇಲೆ ಅಂಗೈ ಊರಿದಳು.

“ಬಟ್ಟೆ ನಂದು, ದಾರ ನಂದು. ಇದು ಇಲ್ಲೇ ಇರತ್ತೆ.”

“ಎದೆಪಟ್ಟಿ ನನ್ನ ತಾಯಿಯದು,” ಅಂದಳು ವಿದಾದಮ್ಮ.

“ಪ್ರೋಗ್ರಾಂ ಮುಗೀಲಿ. ಆಮೇಲೆ ನೋಡೋಣ.”

ವಿದಾದಮ್ಮ ನನ್ನ ಕಡೆ ನೋಡಿದಳು. ನಾನು ಸೂಜಿಗೆ ದಾರ ಪೋಣಿಸುವವಳಂತೆ ತಲೆ ತಗ್ಗಿಸಿದೆ. ದಾರ ಆಗಲೇ ಪೋಣಿಸಿಯಾಗಿತ್ತು. ಮೆಟ್ಟಿಲ ಮೇಲೆ ಅವಳ ಹೆಜ್ಜೆ ಸಪ್ಪಳ ನಿಂತ ಮೇಲೆ ಮೇಡಂ ನನ್ನತ್ತ ತಿರುಗಿದಳು.

“ನಾಲ್ಕು ಗಂಟೆಗೆ ಸ್ಮಿತಾ ಬರ್ತಾಳೆ. ಅಷ್ಟರಲ್ಲಿ ಆ ಸಾಲು ಬಿಚ್ಚಿ ಇಸ್ತ್ರಿ ಹೊಡೆದಿಡು. ನಿನ್ನ ಪಾಸ್‌ಪೋರ್ಟ್ ಎಲ್ಲಿದೆ ಗೊತ್ತಲ್ಲ?”

“ಗೊತ್ತೈತ್ರಿ.”

ಮೇಲೆ, ಕೌಂಟರಿನ ಡ್ರಾಯರಿನಲ್ಲಿದೆ. ಮೂರು ವರ್ಷದ ಹಿಂದೆ ತನ್ನ ಅತ್ತೆಯ ಸೇವೆಗೆಂದು ಮೇಡಂ ನನ್ನನ್ನು ಬಾಗಲಕೋಟೆಯಿಂದ ಕರೆತಂದಳು. ವಿಮಾನ ಇಳಿದ ದಿನವೇ ಭದ್ರವಾಗಿರಲಿ ಎಂದು ಪಾಸ್‌ಪೋರ್ಟ್ ಇಸಿದುಕೊಂಡಳು. ಅತ್ತೆ ಸತ್ತಳು, ವೀಸಾ ಮುಗಿಯಿತು, ನಾನು ನೆಲಮಾಳಿಗೆಗೆ ಇಳಿದೆ. ಇಮಿಗ್ರೇಷನ್‌ನವರಿಗೆ ತನ್ನ ಒಂದು ಫೋನ್ ಸಾಕು ಎಂದು ಮೇಡಂ ಹಬ್ಬ ಹುಣ್ಣಿಮೆಗೊಮ್ಮೆ ನೆನಪು ಮಾಡುತ್ತಾಳೆ.

ನಾನು ಎಂಥವರ ಪೈಕಿ ಎಂಬುದು ಅವಳಿಗೆ ಮೊದಲೇ ಗೊತ್ತಿತ್ತು. ಅತ್ತೆಯ ಹೇಲುಚ್ಚೆ ಬಳಿಯುವಾಗ ಅಡ್ಡಿಯಿರಲಿಲ್ಲ. ಕಾಫಿ ಮಾತ್ರ ಪೇಪರ್ ಕಪ್ಪಿನಲ್ಲಿ, ವಿದಾದಮ್ಮನಿಗೆ ಪಿಂಗಾಣಿ. ಒಮ್ಮೆ ಅಳತೆ ಸರಿಯಾಗಿದೆಯೇ ನೋಡಲು ಒಂದು ಹೊಸ ಕುಪ್ಪಸ ತೊಟ್ಟು ನೋಡಿದ್ದೆ. ಮೇಡಂ ಕಂಡಳು. ಬಿಚ್ಚಿಸಿದಳು. ಇಕ್ಕಳದಂತೆ ಎರಡು ಬೆರಳಲ್ಲಿ ಅದನ್ನು ಎತ್ತಿ ಕಸದ ಚೀಲಕ್ಕೆ ಹಾಕಿದಳು. ಜರಿಯ ಕುಪ್ಪಸ.

ಅದನ್ನು ನೋಡಿದ ವಿದಾದಮ್ಮ ಯಾಕೆ ಎಂದು ಕೇಳಿದಳು. ನಮ್ಮಿಬ್ಬರ ಇಂಗ್ಲಿಷ್ ಕೂಡಿಸಿದರೂ ಒಂದು ಇಂಗ್ಲಿಷ್ ಆಗುತ್ತಿರಲಿಲ್ಲ. ಅವಳ ಮಾತನ್ನು ಇಲ್ಲಿ ಹೇಳುವಾಗ ನಾನೇ ಕನ್ನಡ ಮಾಡಿದ್ದೇನೆ. ಹೇಗೋ ತಿಳಿಸಿದೆ. ಅವಳು ನನ್ನ ಪೇಪರ್ ಕಪ್ಪು ಎತ್ತಿಕೊಂಡು ಉಳಿದ ಕಾಫಿ ಗಟಗಟ ಕುಡಿದು, “ಸಕ್ಕರೆ ಜಾಸ್ತಿ,” ಅಂದಳು. ಅವಳ ಹೆಸರು ವಿದಾದ್; ಅವತ್ತಿನಿಂದ ನಾನು ಅದಕ್ಕೆ ಅಮ್ಮ ಸೇರಿಸಿ ಕರೆದೆ.

ಎದೆಪಟ್ಟಿಯನ್ನು ಮೊದಲ ಸಲ ತಂದ ದಿನ ನಾನು ಅದನ್ನು ಕೈಗೆ ತೆಗೆದುಕೊಂಡವಳೇ ತಿರುವಿ ಹಿಂಬದಿ ನೋಡಿದೆ. ವಿದಾದಮ್ಮನ ಮುಖ ಅರಳಿತು. ಅವರಲ್ಲೂ ಹಾಗೆಯೇ ಅಂತೆ, ಕೆಲಸ ಗೊತ್ತಿದ್ದವರು ಮೊದಲು ಹಿಂಬದಿ ನೋಡುತ್ತಾರೆ. ನಮ್ಮ ಕಸೂತಿಯಲ್ಲಿ ಗವಂತಿ ಹೊಲಿಗೆ ಇದೆ. ಗಂಟಿಲ್ಲ, ಎರಡೂ ಬದಿ ಒಂದೇ. ನಮ್ಮವ್ವ ಗೌಡ್ತಿಯರ ಸೀರೆಗೆಲ್ಲ ಅದನ್ನು ಹಾಕಿ ಕೊಡುತ್ತಿದ್ದಳು. ಸೀರೆಯನ್ನು ಹೊಸ್ತಿಲಾಚೆ ಇಟ್ಟು ಬರಬೇಕಿತ್ತು.

“ಇದು ನಮ್ಮೂರಿನ ಸೈಪ್ರೆಸ್ ಮರದ ಸಾಲು,” ಎಂದು ವಿದಾದಮ್ಮ ಬೆರಳಿಟ್ಟು ತೋರಿಸಿದಳು. ಸೈಪ್ರೆಸ್ ಅಂದರೆ ಸೂಜಿಯಂತೆ ನೆಟ್ಟಗಿರುವ ಮರ. “ಇದು ಕಿತ್ತಳೆ ಹೂವು. ಊರು ಬಿಟ್ಟು ಓಡಿದಾಗ ಅಮ್ಮನ ಮೈಮೇಲೆ ಇದ್ದದ್ದು ಇದು. ನಾನು ಹುಟ್ಟಿದ್ದು ಲೆಬನಾನಿನ ನಿರಾಶ್ರಿತರ ಕ್ಯಾಂಪಿನಲ್ಲಿ. ಊರು ನೋಡಿಯೇ ಇಲ್ಲ.”

ಆಗ ನಾನು ಕೇಳಿದ್ದು ಇದು: “ನಿಮ್ಮೂರು ಯಾವ ಡ್ಯಾಮಿನ್ಯಾಗ ಮುಳುಗ್ತು?”

ನನಗೆ ಗೊತ್ತಿದ್ದದ್ದು ಒಂದೇ ರೀತಿ. ನಮ್ಮ ಕೊಡ್ಲಿಹಾಳ ಕೃಷ್ಣೆಯ ಹಿನ್ನೀರಿನಲ್ಲಿ ಮುಳುಗಿದಾಗ ನನಗೆ ಹದಿನೈದು. ಹೊಸ ಜಾಗಕ್ಕೆ ಏನು ಹೆಸರಿಡೋಣ ಎಂದು ಸಾಹೇಬರು ಗೌಡರನ್ನು ಕೇಳಿದರು. ನಮ್ಮ ಕೇರಿಯನ್ನು ಯಾರೂ ಕೇಳಲಿಲ್ಲ. ಅದಕ್ಕೆ ಸಿ ಬ್ಲಾಕ್ ಎಂದು ಬೋರ್ಡು ಬಿತ್ತು. ಇಂದಿಗೂ ನಮ್ಮವ್ವ ಸಿ ಬ್ಲಾಕಿನಲ್ಲೇ ಇದ್ದಾಳೆ.

ವಿದಾದಮ್ಮ ಬಹಳ ಹೊತ್ತು ನಕ್ಕಳು. ಆಮೇಲೆ ಕಣ್ಣೊರೆಸಿಕೊಂಡು, “ನೀರಲ್ಲ ನಿಂಗಮ್ಮ, ಬಂದೂಕು,” ಅಂದಳು. “ನಿನ್ನ ಊರು ನೀರಿನ ಕೆಳಗಿದೆ. ಅಲ್ಲಿ ಬೇರೆ ಯಾರೂ ಇಲ್ಲ. ನಮ್ಮ ಊರು ಬಿಸಿಲಿನಲ್ಲೇ ಇದೆ. ಬೇರೆಯವರು ಇದ್ದಾರೆ, ಬೋರ್ಡು ಬದಲಾಗಿದೆ. ಬಸ್ಸೂ ಹೋಗುತ್ತದಂತೆ. ನನ್ನನ್ನು ಬಿಟ್ಟರೆ ಯಾರು ಬೇಕಾದರೂ ಹತ್ತಬಹುದು.”

“ನಿಮ್ಮನ್ನ ಯಾರೂ ಕೇಳ್ಲಿಲ್ಲೇನು?”

“ಯಾರ್ಯಾರೋ ಕೂತು ಗೆರೆ ಎಳೆದರು. ಇವತ್ತಿಗೂ ಎಳೆಯುತ್ತಿದ್ದಾರೆ. ಗಾಜಾದಲ್ಲಿ ನನ್ನ ಅಕ್ಕನ ಮಗಳ ಮನೆ ಹೋಯಿತು, ಮಕ್ಕಳು ಹೋದವು. ಅದು ಯಾರ ಜಾಗ, ಯಾರು ಆಳಬೇಕು ಎಂದು ಟೀವಿಯಲ್ಲಿ ಟೈ ಕಟ್ಟಿದವರೆಲ್ಲ ಹೇಳುತ್ತಾರೆ. ಅಲ್ಲಿಯವರನ್ನು ಒಬ್ಬರೂ ಕೇಳುವುದಿಲ್ಲ. ನಾವು ಒಂದು ಜನ ಹೌದೋ ಅಲ್ಲವೋ ಎಂದು ಕೂಡ ಅವರೇ ಹೇಳುತ್ತಾರೆ.”

ಆ ಪಟ್ಟಿಯನ್ನು ಈ ಉಡುಪಿಗೆ ಕೂಡಿಸಲು ಅವಳು ಒಪ್ಪಿದ್ದು ಒಂದೇ ಷರತ್ತಿನ ಮೇಲೆ. ಊರಿನ ಹೆಸರು, ದೇಶದ ಹೆಸರು ಕೆಳಗಿರಬೇಕು. ಮೇಡಂ ಆಗ ಹ್ಞೂಂ ಹ್ಞೂಂ ಅಂದಿದ್ದಳು. ನಾಲ್ಕು ತಿಂಗಳು ವಿದಾದಮ್ಮ ಊಟದ ಬಿಡುವಿನಲ್ಲಿ ಕೂತು ತೋಳು, ಅಂಚು ಹೊಲಿದಳು. “ಅಮ್ಮ ಒಮ್ಮೆಯಾದರೂ ತನ್ನ ಊರಿನ ಹೆಸರಿನಲ್ಲಿ ಸ್ಟೇಜ್ ಮೇಲೆ ನಡೆಯಲಿ,” ಅನ್ನುತ್ತಿದ್ದಳು.

ಈಗ ಆ ಹೆಸರು ನನ್ನ ಕೈಯಲ್ಲಿತ್ತು. ಗಡಿಯಾರ ಎರಡೂವರೆ ತೋರಿಸುತ್ತಿತ್ತು.

ಸುಳ್ಳು ಯಾಕೆ ಹೇಳಲಿ, ನಾನು ಬಿಚ್ಚತೊಡಗಿದೆ. ನನಗೆ ಹೆದರಿಕೆ ಇತ್ತು. ಸಿ ಬ್ಲಾಕಿನಲ್ಲಿ ಅವ್ವ ನನ್ನ ಕೈಯನ್ನೇ ನಂಬಿದ್ದಾಳೆ. ಉಡುಪನ್ನು ತಿರುವಿ, ಹಿಂಬದಿಯಿಂದ ಹೊಲಿಗೆ ಬಿಚ್ಚುವ ಕಡ್ಡಿ ತೂರಿಸಿ ಇಂಗ್ಲಿಷಿನ ಮೊದಲ ಅಕ್ಷರ ತೆಗೆದೆ. ಕೆಂಪು ದಾರ ಚೂರು ಚೂರಾಗಿ ಮಡಿಲಿಗೆ ಬಿತ್ತು. ಮತ್ತೆ ಮುಂಬದಿ ತಿರುಗಿಸಿ ದೀಪಕ್ಕೆ ಹಿಡಿದೆ.

ಅಕ್ಷರ ಹಾಗೇ ಇತ್ತು. ದಾರ ಹೋಗಿತ್ತು, ಸೂಜಿಯ ತೂತುಗಳು ಉಳಿದಿದ್ದವು. ಅವುಗಳ ಮೂಲಕ ಬೆಳಕು ಬರುತ್ತಿತ್ತು. ಇಸ್ತ್ರಿ ಒತ್ತಿದರೆ ಅವೂ ಮುಚ್ಚಿಹೋಗುತ್ತವೆ ಎಂಬುದು ನನಗೆ ಗೊತ್ತು. ಅದು ನನ್ನ ಕಸುಬು. ಆ ಕಸುಬಿನ ಮೇಲೆ ನನಗೆ ಹೇಸಿಗೆ ಬಂತು.

“ಥೂ ನಿನ್ನ ಬಾಳೇವಿಗೆ,” ಎಂದು ನನಗೆ ನಾನೇ ಬೈದುಕೊಂಡೆ.

ಕೆಂಪು ದಾರ ಪೋಣಿಸಿದೆ. ಅವೇ ತೂತುಗಳಲ್ಲಿ ಗವಂತಿ ಹಾಕಿ ಆ ಅಕ್ಷರವನ್ನು ತಿರುಗಿ ನಿಲ್ಲಿಸಿದೆ. ಓದುವವರಿಗೆ ವ್ಯತ್ಯಾಸ ಗೊತ್ತಾಗದು, ವಿದಾದಮ್ಮನಿಗೆ ಮಾತ್ರ ಗೊತ್ತಾಗುತ್ತದೆ. ಅವಳು ಬೈದರೆ ಬೈಯಲಿ. ಆದರೆ ಇಷ್ಟರಿಂದ ಏನೂ ಉಳಿಯುವುದಿಲ್ಲ ಎಂದೂ ಹೊಳೆಯಿತು. ಮೇಲೆ ಮೇಡಂ ಕೈಯಲ್ಲಿ ಕತ್ತರಿ ಇದೆ. ನಾನು ಬಿಚ್ಚದಿದ್ದರೆ ಅವಳು ಪಟ್ಟಿಯನ್ನೇ ಕೊಯ್ಯುತ್ತಾಳೆ.

ಅವಳು ಮುಟ್ಟದಂತೆ ಮಾಡಲು ನನಗೆ ಗೊತ್ತಿದ್ದ ದಾರಿ ಒಂದೇ. ಅದನ್ನು ಅವಳೇ ಕಲಿಸಿದ್ದಳು.

ನಾಲ್ಕಕ್ಕೆ ಸ್ಮಿತಾ ಮೇಡಂ ದನಿ ಕೇಳಿತು. “ನಿಂಗೀ, ಡ್ರೆಸ್ ತಗೊಂಡ್ ಬಾ,” ಎಂದು ನಮ್ಮ ಮೇಡಂ ಕೂಗಿದಳು.

ನಾನು ಮೆಟ್ಟಿಲು ಹತ್ತಿದೆ. ವಿದಾದಮ್ಮನ ಅಳತೆಗೆ ಹೊಲಿದ ಉಡುಪು ನನ್ನ ಬಡಕಲು ಮೈಮೇಲೆ ಜೋಲಿಯಂತೆ ತೂಗುತ್ತಿತ್ತು. ಸೀರೆಯ ಮೇಲೆಯೇ ತೊಟ್ಟಿದ್ದೆ. ಅಂಗಡಿಯ ಅಷ್ಟೂ ಕನ್ನಡಿಗಳಲ್ಲಿ ನಾನೇ.

“ಇವಳ್ಯಾಕೆ ಹಾಕ್ಕೊಂಡಿದ್ದಾಳೆ?” ಅಂದರು ಸ್ಮಿತಾ ಮೇಡಂ.

ಮೇಡಂ ಕೌಂಟರಿನ ಕತ್ತರಿ ಎತ್ತಿಕೊಂಡು ಎರಡು ಹೆಜ್ಜೆ ಬಂದಳು. ಮೂರನೆಯದು ಇಡಲಿಲ್ಲ. ಕೈ ಚಾಚಿದ್ದು ಗಾಳಿಯಲ್ಲೇ ನಿಂತಿತು.

“ತೆಗೀ ಅದನ್ನ. ಥೂ, ಮೈಗೆಲ್ಲ ಹಾಕ್ಕೊಂಡ್ಬಿಟ್ಟಿದ್ಯಲ್ಲೇ ದರಿದ್ರದವಳೇ. ಇನ್ನು ಅದನ್ನ ಯಾರು ಮುಟ್ತಾರೆ?”

“ಅದಕಽ ಹಾಕ್ಕೊಂಡೀನ್ರಿ,” ಅಂದೆ. “ಇನ್ನ ನೀವು ಮುಟ್ಟಾಂಗಿಲ್ಲ.”

“ಫೋನ್ ಮಾಡ್ತೀನಿ ನೋಡು. ಇವತ್ತೇ ಎತ್ತಾಕ್ಕೊಂಡ್ ಹೋಗ್ತಾರೆ.”

“ಮಾಡ್ರಿ. ಅಲ್ಲೀತನಕ ಇದನ್ನ ಯಾರದೈತೋ ಅವ್ರಿಗೆ ಮುಟ್ಟಿಸಿ ಬರ್ತೀನಿ.”

ಸ್ಮಿತಾ ಮೇಡಂ ದಾರಿ ಬಿಟ್ಟರು. ಗೋಡೆಗೆ ಅಂಟಿಕೊಂಡು ನಿಂತರು ಅನ್ನಬೇಕು. ಬಾಗಿಲಿನ ಗಂಟೆ ಕಿಣಿಕಿಣಿ ಅಂದಿತು, ನಾನು ಹೊರಗಿದ್ದೆ.

ನವೆಂಬರಿನ ಗಾಳಿ. ಬಸ್ ಸ್ಟಾಪು ಅಂಗಡಿಯ ಎದುರಿಗೇ ಇದೆ. ವಿದಾದಮ್ಮ ಈ ಬಸ್ಸು ಹತ್ತಿ, ಆಮೇಲೆ ಎರಡು ರೈಲು ಹಿಡಿದು ಬೇ ರಿಡ್ಜ್ ಎಂಬಲ್ಲಿಗೆ ಹೋಗುತ್ತಾಳೆ. ಬೀದಿ, ಮನೆ ನಂಬರು ಗೊತ್ತಿಲ್ಲ. ಅವರ ಜನ ಅಲ್ಲಿ ಬಹಳ ಇದ್ದಾರಂತೆ. ಈ ಎದೆಪಟ್ಟಿ ಕಂಡರೆ ಯಾರಾದರೂ ಗುರುತು ಹಿಡಿದಾರು ಎಂಬ ಧೈರ್ಯ.

ಗಾಜಿನಾಚೆ ಮೇಡಂ ಕಂಡಳು. ಕಿವಿಗೆ ಫೋನು, ಇನ್ನೊಂದು ಕೈಯಲ್ಲಿ ನನ್ನ ಪಾಸ್‌ಪೋರ್ಟು ತೆರೆದಿತ್ತು. ತುಟಿ ನಿಧಾನವಾಗಿ ಅಲುಗುತ್ತಿತ್ತು. ಮೂರು ವರ್ಷದಲ್ಲಿ ಮೊದಲ ಸಲ ಆಕೆ ನನ್ನ ಪೂರ್ತಿ ಹೆಸರು ಹೇಳುತ್ತಿದ್ದಳು. ಪಾಸ್‌ಪೋರ್ಟಿನಲ್ಲಿ ಹುಟ್ಟಿದ ಊರು ಕೊಡ್ಲಿಹಾಳ ಎಂದೇ ಇದೆ, ಸಿ ಬ್ಲಾಕ್ ಎಂದಿಲ್ಲ. ಅದನ್ನೂ ಓದುತ್ತಿರಬೇಕು.

ಓದಲಿ. ದೂರದಲ್ಲಿ ಬಸ್ಸಿನ ದೀಪ ಕಂಡಿತು. ನಾನು ಚಳಿಗೆ ಎದೆಗೆ ಕಟ್ಟಿಕೊಂಡಿದ್ದ ಕೈಗಳನ್ನು ಇಳಿಬಿಟ್ಟು, ಅಕ್ಷರಗಳು ಕಾಣುವ ಹಾಗೆ ರಸ್ತೆಗೆ ಎದೆಗೊಟ್ಟು ನಿಂತೆ.