ಹದಿನೇಳರ ಮಗ್ಗಿ

ಮಿನಾಜಳಿಗೆ ಯಾವುದನ್ನೂ ಪೂರ್ತಿ ಮಾಡಿ ಗೊತ್ತಿರಲಿಲ್ಲ. ಹೊಲಿಗೆ ಕ್ಲಾಸು ಅರ್ಧಕ್ಕೆ, ಕಂಪ್ಯೂಟರ್ ಕೋರ್ಸು ಅರ್ಧಕ್ಕೆ. ಮೆಹಂದಿ ಕಲಿಯಲು ಹೋದವಳು ಒಂದೇ ಕೈಗೆ ಹಚ್ಚಿಸಿಕೊಂಡು ಎದ್ದು ಬಂದಿದ್ದಳು. ಅಂಥವಳು ಬಿ.ಎಡ್. ಮಾಡುತ್ತೇನೆ ಎಂದಾಗ, ವಿಜಯಪುರದ ಸ್ಟೇಷನ್ ರಸ್ತೆಯಲ್ಲಿ ಬಳೆ ಅಂಗಡಿ ಇಟ್ಟಿದ್ದ ಅಪ್ಪ ಮಲ್ಲಿಕಸಾಬ ನಗದೆ ಇನ್ನೇನು ಮಾಡಿಯಾನು?

"ಮೊದಲ ಯಾವುದಾರ ಒಂದು ಸಾಲ್ಯಾಗ ಮಕ್ಕಳ ಮುಂದ ನಿಂತು ನೋಡು ಬೇಟಾ. ದೀಪಾವಳಿ ಸೂಟಿ ತನಕ ತಡದ್ರ ಅರ್ಜಿ ಹಾಕೂಣು. ನಡುವ ಬಿಟ್ಟು ಬಂದ್ಯೋ, ಅಂಗಡ್ಯಾಗ ಕೂಡೂದು."

ಆ ನಗು ಅವಳಿಗೆ ನಾಟಿತು. ಟೀಚರ್ ಆಗಬೇಕೆಂಬುದು ಚಿಕ್ಕಂದಿನ ಆಸೆ. ಇದನ್ನೂ ಕೈಬಿಟ್ಟರೆ ತನ್ನ ಮೇಲೆ ತನಗೇ ನಂಬಿಕೆ ಉಳಿಯದು ಎನಿಸಿತು.

ಸಾರವಾಡ ದಾಟಿ ಬಬಲೇಶ್ವರದ ಕಡೆ, ದ್ರಾಕ್ಷಿ ತೋಟಗಳ ನಡುವಿನ ವಸ್ತಿಯಲ್ಲಿ ಒಂದು ಕೋಣೆಯ ಶಾಲೆ. ಇದ್ದೊಬ್ಬ ಶಿಕ್ಷಕಿ ನಿರ್ಮಲಾ, "ಬಾರವಾ, ನನಗೂ ಒಂದು ಕೈ ಆಗ್ತೈತಿ" ಎಂದು ಕರೆದುಕೊಂಡರು. ಮಕ್ಕಳು ಮಿನಾಜಳನ್ನು ಅಕ್ಕಾ ಎಂದರು. ಟೀಚರ್ ಎಂದು ಯಾರೂ ಅನ್ನಲಿಲ್ಲ.

ಆ ಶಾಲೆಯಲ್ಲೊಂದು ಕಟ್ಟಳೆಯಿತ್ತು. ಸಂಜೆ ಬಿಡುವ ಮುಂಚೆ ಎಲ್ಲರೂ ನಿಂತು ಮಗ್ಗಿ ಹೇಳಬೇಕು. ಹೇಳಿಕೊಡಲು ಶುರು ಮಾಡಿದವರು ಮುಗಿಸದೆ ಹೊಸ್ತಿಲು ದಾಟುವಂತಿಲ್ಲ. ಆದರೆ ಹದಿನೇಳರ ಮಗ್ಗಿ ಬಂದಾಗ ಮಾತ್ರ ಮಕ್ಕಳು ಆರನೆಯ ಸಾಲಿಗೇ ನಿಲ್ಲಿಸಿಬಿಡುತ್ತಿದ್ದರು. ಅಷ್ಟೇ ಅಲ್ಲ, ಅವರ ಎಳೆಯ ದನಿಗಳ ನಡುವೆ ಬೆಳೆದ ಹೆಂಗಸಿನ ದನಿಯೊಂದು ಕೇಳುತ್ತಿತ್ತು. ಅದೂ ಅಲ್ಲಿಗೇ ನಿಲ್ಲುತ್ತಿತ್ತು. ನಿರ್ಮಲಾ ಬಾಯಿ ತೆರೆದಿರುತ್ತಿರಲಿಲ್ಲ.

"ಮುಂದ ಯಾಕ ಹೇಳಂಗಿಲ್ಲ?" ಎಂದು ಮಿನಾಜ ಒಂದು ದಿನ ನೀಲಾ ಎಂಬ ಹುಡುಗಿಯನ್ನು ಕೇಳಿದಳು.

"ಟೀಚರ್ ಇನ್ನಾ ಹೇಳಿಕೊಟ್ಟಿಲ್ರೀ ಅಕ್ಕಾ."

"ಯಾವ ಟೀಚರ್?"

ನೀಲಾ ಮಿನಾಜಳ ಭುಜದ ಹಿಂದೆ ಬೆರಳು ಮಾಡಿದಳು. ಅಲ್ಲಿ ಗೋಡೆ ಬಿಟ್ಟರೆ ಏನೂ ಇರಲಿಲ್ಲ.

ಕೇಳಿದಾಗ ನಿರ್ಮಲಾ ಮುಚ್ಚುಮರೆ ಮಾಡಲಿಲ್ಲ. "ವಿಶಾಖಾ ಅಂತ, ಟಿಕೋಟಾದ ಹುಡುಗಿ. ನಿನ್ನಂಗ ಬಿ.ಎಡ್. ಮುಂಚೆ ಕಲಿಯಾಕ ಬಂದಿದ್ಲು. ಹದಿನೇಳರ ಮಗ್ಗಿ ನಡುವ ಬಸ್ಸ ಬಂತಂತ ಓಡಿ ಹೋದ್ಲು. ಮನಿ ಮುಟ್ಟಿದಾಕಿಗೆ ಜ್ವರ ಹತ್ತಿತು, ಉಳೀಲಿಲ್ಲ. ಮುಂದ ನಾ ಹೇಳಾಕ ಹೋದ್ರ ಗಂಟಲಾ ಕಟ್ಟತೈತವಾ."

ನಾಳೆಯಿಂದ ಬರುವುದೇ ಬೇಡ ಎಂದು ಮಿನಾಜ ಅಂದುಕೊಂಡಳು. ಆದರೆ ಅಪ್ಪನ ನಗು ನೆನಪಾಗಿ ಮರುದಿನ ಮತ್ತೆ ಬಸ್ಸು ಹತ್ತಿದಳು. ಅದೇ ದಿನ ನಿರ್ಮಲಾ ಬಬಲೇಶ್ವರಕ್ಕೆ ಮೀಟಿಂಗಿಗೆ ಹೋಗಬೇಕೇ!

ಸಂಜೆ ಮಿನಾಜ ತಾನೇ ಮಗ್ಗಿ ಹೇಳಿಕೊಡಲು ನಿಂತಳು. ಹದಿನೇಳಕ್ಕೆ ಬಂದಾಗ ಆ ದನಿ ಅವಳ ಕಿವಿಯ ಬಳಿಯೇ ಜೊತೆಗೂಡಿತು. "ಹದಿನೇಳು ಆರ್ಲೆ ನೂರಾ ಎರಡು." ಮಕ್ಕಳು ಸುಮ್ಮನಾದರು. ಅಷ್ಟರಲ್ಲಿ ರಸ್ತೆಯಲ್ಲಿ ವಿಜಯಪುರದ ಕೊನೆಯ ಬಸ್ಸು ಹಾರ್ನ್ ಹೊಡೆಯಿತು.

ಬ್ಯಾಗು ಹೆಗಲಿಗೇರಿಸಿ ಮಿನಾಜ ಬಾಗಿಲಿಗೆ ಬಂದೇಬಿಟ್ಟಳು. ಹಿಂದಿನಿಂದ ಆ ದನಿ ಮತ್ತೆ ಹೇಳಿತು: "ಹದಿನೇಳು ಆರ್ಲೆ ನೂರಾ ಎರಡು." ಮತ್ತೆ ಹೇಳಿತು. ಹೆದರಿಸುವ ದನಿಯಲ್ಲ ಅದು. ಮುಂದಿನದು ಮರೆತು ನಿಂತ ಮಗುವಿನ ದನಿ, ಅಳುವಿಗೆ ಬಂದಿತ್ತು.

ಹೊಸ್ತಿಲ ಮೇಲಿಂದ ಕಾಲು ತೆಗೆದು ಮಿನಾಜ ಒಳಗೆ ತಿರುಗಿದಳು. ಗಂಟಲು ಯಾರೋ ಹಿಡಿದಂತೆ ಬಿಗಿಯಿತು. ಆದರೂ ಒತ್ತಿ ಹೇಳಿದಳು: "ಹದಿನೇಳು ಏಳ್ಲೆ ನೂರಾ ಹತ್ತೊಂಬತ್ತು."

ಒಂದು ಗಳಿಗೆ ಬಿಟ್ಟು ಆ ದನಿ ಅವಳ ಹಿಂದೆ ಹೇಳಿತು. ಆಮೇಲೆ ಮಕ್ಕಳೂ ಹೇಳಿದರು. ಎಂಟು, ಒಂಬತ್ತು, ಕೊನೆಗೆ "ಹತ್ಲೆ ನೂರಾ ಎಪ್ಪತ್ತು". ಬಸ್ಸು ಹೊರಟುಹೋದ ಸದ್ದು ಕೇಳಿತು.

ಮಕ್ಕಳೆಲ್ಲ ಯಾರೂ ಇರದ ಬಾಗಿಲಿಗೆ ಕೈಮುಗಿದರು. "ಹೋಗಿ ಬರ್ರೀ ಟೀಚರ್." ಮಿನಾಜಳ ಮಗ್ಗುಲಿನಿಂದ ತಣ್ಣನೆಯದೇನೋ ಸರಿದು ಹೊರಗೆ ಹೋಯಿತು. ಆಮೇಲೆ ಎಲ್ಲರೂ ಒಟ್ಟಿಗೆ ಅವಳತ್ತ ತಿರುಗಿದರು. ಯಾರೂ ಚೀಲ ಎತ್ತಿಕೊಳ್ಳಲಿಲ್ಲ.

"ಹದಿನೆಂಟರದು ಶುರು ಮಾಡ್ರೀ, ಟೀಚರ್" ಎಂದಳು ನೀಲಾ.

ಶುರು ಮಾಡಿದರೆ ಮುಗಿಸದೆ ಹೊಸ್ತಿಲು ದಾಟುವಂತಿಲ್ಲವೆಂದು, ದಾಟಿದರೆ ಏನಾಗುವುದೆಂದು ಮಿನಾಜಳಿಗೆ ಈಗ ಚೆನ್ನಾಗಿ ಗೊತ್ತಿತ್ತು. ಬ್ಯಾಗು ಕೆಳಗಿಟ್ಟು, ಬಾಗಿಲಿಗೆ ಬೆನ್ನು ಮಾಡಿ ನಿಂತು, ಅವಳು ಬಾಯಿ ತೆರೆದಳು.