ಹಲಗೆಯ ಮೇಲೆ ಮಲಗಿದ ಗೆರೆ

ಕುವಾಬಾರಾ ಮೇಷ್ಟ್ರು ಬೆಳಿಗ್ಗೆ ವಿಜ್ಞಾನ ಕಲಿಸುವವರು, ಮಧ್ಯಾಹ್ನ ಬೇಸ್‌ಬಾಲ್ ತಂಡದ ಹುಡುಗರನ್ನು ಗೋಳುಹೊಯ್ದುಕೊಳ್ಳುವವರು. ಗಿಫು ಪ್ರಾಂತ್ಯದ ಆ ಶಾಲೆಯಲ್ಲಿ ಎರಡೂ ಒಬ್ಬರದೇ ಕೆಲಸ. ತಂಡಕ್ಕೆ ತಣ್ಣನೆಯ ಬಾರ್ಲಿ ಚಹಾದ ಹೂಜಿ ಹೊರುತ್ತಿದ್ದ ವಿದ್ಯಾರ್ಥಿನಿ ಶಿಯೊಮಿಗೆ ಅವರನ್ನು ಕಂಡರೆ ಮೈಯೆಲ್ಲ ಉರಿಯುತ್ತಿತ್ತು. ಮೊನ್ನೆ ಎರಡು ಗಂಟೆಯ ಬಿಸಿಲಲ್ಲಿ ಓಡುತ್ತಾ ಕುಸಿದುಬಿದ್ದ ತಂಡದ ಹುಡುಗ ನತ್ಸುಮೆ ಇನ್ನೂ ಆಸ್ಪತ್ರೆಯಲ್ಲಿದ್ದ. ಇವತ್ತೂ ಎರಡಕ್ಕೇ ಓಟ. ಅದನ್ನು ನಿಲ್ಲಿಸಲೇಬೇಕೆಂದು ಅವಳು ಹಟ ತೊಟ್ಟಿದ್ದಳು.

ಅವತ್ತಿನ ಪಾಠ ಗ್ರಾಫ್ ಓದುವುದು. ತಾವು ಹುಡುಗರಾಗಿದ್ದಾಗಿನಿಂದ ಈ ವರ್ಷದವರೆಗೆ ಪ್ರತಿ ಜುಲೈನ ಅತಿ ಬಿಸಿ ದಿನದ ಉಷ್ಣಾಂಶದ ಲೆಕ್ಕವನ್ನು ಮೇಷ್ಟ್ರು ಹಲಗೆಯ ಮೇಲೆ ಬರೆದಿದ್ದರು. ಪಕ್ಕದ ಅಳತೆ ಸೊನ್ನೆಯಿಂದ ನೂರು ಡಿಗ್ರಿಯವರೆಗೆ. ಅಷ್ಟೂ ಬೇಸಿಗೆಗಳ ಗೆರೆ ಉಂಡ ಬೆಕ್ಕಿನಂತೆ ಚಪ್ಪಟೆ ಮಲಗಿತ್ತು.

"ಏನು ಕಾಣುತ್ತೆ? ಏನೂ ಇಲ್ಲ! ಬಿಸಿಲು ಅವತ್ತೂ ಇತ್ತು, ಇವತ್ತೂ ಇದೆ. ನಿಮ್ಮ ವಯಸ್ಸಲ್ಲಿ ನಾವು ಹನಿ ನೀರು ಕುಡೀದೆ ಓಡ್ತಿದ್ವಿ."

"ಅಳತೆ ಸರಿಯಿಲ್ಲ ಸಾರ್," ಎಂದಳು ಶಿಯೊಮಿ. "ನೂರು ಡಿಗ್ರಿ ಯಾಕೆ? ನಾವೇನು ಅನ್ನದ ಕುಕ್ಕರಾ?"

"ಕೂತ್ಕೊಳ್ಳೇ ಚಹಾದಮ್ಮ," ಎಂದು ತಂಡದ ನಾಯಕ ಕಾಜಿತಾನಿ ಹಿಂದಿನಿಂದ ಗದರಿದ. "ಪಂದ್ಯ ಸೋತ್ರೆ ನೀನು ಬಂದು ಆಡ್ತೀಯಾ?"

ತರಗತಿಯೆಲ್ಲ ನಕ್ಕಿತು. ಅವಳು ಕೂರಲಿಲ್ಲ. ಹಲಗೆಯ ಹತ್ತಿರ ಹೋಗಿ ಅಳತೆಯನ್ನೂ ಗೆರೆಯನ್ನೂ ಒರೆಸಿ, ಅಳತೆಯನ್ನು ಇಪ್ಪತ್ತೈದರಿಂದ ನಲವತ್ತರವರೆಗೆ ಹೊಸದಾಗಿ ಬರೆದು, ಅದೇ ಲೆಕ್ಕಕ್ಕೆ ಮತ್ತೆ ಗೆರೆ ಎಳೆದಳು. ಅದು ಮಹಡಿ ಮೆಟ್ಟಿಲಿನಂತೆ ಮೇಲೇರಿತು.

"ಇದು ನಿಮಗೆ ನಮ್ಮ ಹಾಗೆ ಹದಿನಾಲ್ಕು ತುಂಬಿದ ವರ್ಷ. ಮೂವತ್ತೆರಡು. ಇದು ಈ ವರ್ಷದ್ದು, ನತ್ಸುಮೆ ಬಿದ್ದ ದಿನ. ಮೂವತ್ತೊಂಬತ್ತು. ನಮ್ಮನ್ನ ಓಡಿಸ್ತಿರೋ ಬಿಸಿಲಲ್ಲಿ ನೀವು ಒಂದು ದಿನಾನೂ ಓಡಿಲ್ಲ ಸಾರ್."

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಮನುಷ್ಯ ಅವರು. ಸೀಮೆಸುಣ್ಣ ಕಿತ್ತುಕೊಂಡರು. "ಗೆಲ್ಲೋಕೆ ಬೇಕಾಗಿರೋದು ಛಲ, ಗೆರೆ ಅಲ್ಲ. ಎರಡಕ್ಕೆ ಎಲ್ಲರೂ ಮೈದಾನದಲ್ಲಿರಬೇಕು!"

ಕಾಜಿತಾನಿ ಹಲಗೆಯನ್ನೇ ನೋಡುತ್ತಿದ್ದ. ನಗು ಮಾಯವಾಗಿತ್ತು. ಎದ್ದು ನಿಂತ.

"ಸರಿ ಸಾರ್. ಇವತ್ತು ನೀವು ಮುಂದೆ ಓಡಿ, ನಾವು ಹಿಂದೆ ಬರ್ತೀವಿ."

"ತಲೆ ಕೆಟ್ಟಿದೆಯೇನೋ? ಈ ಬಿಸಿಲಲ್ಲಿ ಓಡಿದ್ರೆ ಸತ್ತೇ ಹೋಗ್ತೀನಿ!"

ಯಾರೂ ನಗಲಿಲ್ಲ. ಮೇಷ್ಟ್ರ ಮುಖ ಕೆಂಪಾಯಿತು.

"ನತ್ಸುಮೆಗೂ ಹಾಗೇ ಅನ್ನಿಸಿತ್ತು," ಎಂದಳು ಶಿಯೊಮಿ. "ನಿಮ್ಮ ಹತ್ರ ಹೇಳೋಕೆ ಹೆದರಿದ, ಅಷ್ಟೇ."

ಎರಡು ಗಂಟೆಗೆ ಮೇಷ್ಟ್ರು ನೆರಳಲ್ಲಿ ನಿಂತು ಸೀಟಿ ಊದಿದರು. ಮೈದಾನಕ್ಕೆ ಒಬ್ಬನೂ ಇಳಿಯಲಿಲ್ಲ.