ಹದಿನಾಲ್ಕು ಮದುವೆಗಳಲ್ಲಿ ಒಬ್ಬ

ನಂದಾ ವಿಂಡೋಸ್ ಬಿಟ್ಟು ಮ್ಯಾಕ್ ಕೊಂಡದ್ದು 2025ರ ಜುಲೈ ಎರಡನೇ ವಾರ. ವಿಜಯಪುರದ ಸೊಲ್ಲಾಪುರ ರಸ್ತೆಯಲ್ಲಿ, ಮನೆಯ ಮುಂಭಾಗದಲ್ಲೇ, ಅವಳ ಆಲ್ಬಂ ವಿನ್ಯಾಸದ ಅಂಗಡಿ. ತಿಕೋಟಾ, ಬಬಲೇಶ್ವರ ಕಡೆಯ ಛಾಯಾಗ್ರಾಹಕರು ಮದುವೆಯ ಚಿತ್ರಗಳನ್ನು ತಂದುಕೊಡುತ್ತಾರೆ. ಅವಳು ತಿದ್ದಿ, ಜೋಡಿಸಿ ಮುದ್ರಣಕ್ಕೆ ಕಳಿಸುತ್ತಾಳೆ. ಹಳೆಯ ಲ್ಯಾಪ್‌ಟಾಪಿಗೆ ಹನ್ನೊಂದು ವರ್ಷ ತುಂಬಿತ್ತು.

"ಕನ್ನಡ ಅಕ್ಷರ ಕೆಡತಾವೇನೋ ಅಂತ ಅಂಜಿಕಿ ನನಗ," ಎಂದಿದ್ದಳು.

"ಕೆಟ್ಟರ ಮದುಮಗಳ ಹೆಸರು ಕೆಡತೈತಿ, ಲಗ್ನ ಕೆಡೂದಿಲ್ಲಲ್ಲ," ಎಂದಿದ್ದ ತಿಕೋಟಾದ ಛಾಯಾಗ್ರಾಹಕ ರಾಜಾರಾಮ. "ಕಂಟ್ರೋಲ್ ಕೀ ಬಿಟ್ಟು ಕಮಾಂಡ್ ಕೀ ಒತ್ತೂದು ಕಲೀರಿ ಅಕ್ಕಾರ. ಹದಿನೈದು ದಿನ ನನ್ನ ಬೈತೀರಿ, ಆಮ್ಯಾಲ ಬಿಡಂದ್ರೂ ಬಿಡೂದಿಲ್ಲ."

ಜುಲೈ 21, ಸೋಮವಾರ ನ್ಯಾಯಾಲಯದಲ್ಲಿ ಅವಳ ಹೇಳಿಕೆ ಇತ್ತು. ಗಂಡ ಸಿದ್ದರಾಮ 2018ರ ಫೆಬ್ರವರಿ 12ರಂದು ಮನೆಯಿಂದ ಹೋದವನು ಮರಳಿರಲಿಲ್ಲ. ಮೂರನೇ ದಿನ ಅವನ ಬೈಕು ಭೂತನಾಳ ಕೆರೆಯ ದಂಡೆಯಲ್ಲಿ ಸಿಕ್ಕಿತು. ಕೀಲಿ ಅದರಲ್ಲೇ ಇತ್ತು. ಕೆರೆಯಲ್ಲಿ ಹುಡುಕಿದವರಿಗೆ ಏನೂ ಸಿಗಲಿಲ್ಲ. ಏಳು ವರ್ಷ ಮನೆಯವರಿಗೆ ಸುದ್ದಿ ಇಲ್ಲದಿದ್ದರೆ ವ್ಯಕ್ತಿ ಸತ್ತಿದ್ದಾನೆಂದು ಕಾನೂನು ಭಾವಿಸುತ್ತದೆ. ಹಾಗೆ ಘೋಷಣೆಯಾದರೆ ನಂದಾ ಬಬಲೇಶ್ವರದ ಶಿಕ್ಷಕ ಅರುಣಕುಮಾರನನ್ನು ಮದುವೆಯಾಗಬಹುದಿತ್ತು. ಇಬ್ಬರೂ ಎರಡು ವರ್ಷದಿಂದ ಕಾಯುತ್ತಿದ್ದರು. ಅವಳು ಹೇಳಬೇಕಾದದ್ದು ಇಷ್ಟೇ: ಏಳು ವರ್ಷದಲ್ಲಿ ಅವನನ್ನು ನೋಡಿಲ್ಲ, ಅವನ ಸುದ್ದಿ ಕೇಳಿಲ್ಲ.

ಶನಿವಾರ ಹಳೆಯ ಡಿಸ್ಕಿನ ಚಿತ್ರಗಳೆಲ್ಲ ಮ್ಯಾಕ್‌ಗೆ ಬಂದು ಮುಗಿದವು. ರಾಜಾರಾಮ ತೆಗೆದ ಮೇ ತಿಂಗಳ ನಿಡೋಣಿ ಮದುವೆಯನ್ನೂ ಅವನ ಕ್ಯಾಮೆರಾದ ಕಾರ್ಡಿನಿಂದ ನೇರವಾಗಿ ಅದಕ್ಕೇ ಸುರಿದಳು. ಚಿತ್ರ ತಿದ್ದುವ ತಂತ್ರಾಂಶವನ್ನು ಹೊಸ ಯಂತ್ರಕ್ಕೆ ಇನ್ನೂ ಹಾಕಿರಲಿಲ್ಲ.

ಭಾನುವಾರ ಬೆಳಿಗ್ಗೆ ತೆರೆದಾಗ ಮ್ಯಾಕ್, ಹಳೆಯ ಯಂತ್ರ ಎಂದೂ ಮಾಡದ ಕೆಲಸವೊಂದನ್ನು ಮಾಡಿಟ್ಟಿತ್ತು. ಮುಖಗಳನ್ನು ಗುರುತಿಸಿ, ಒಬ್ಬೊಬ್ಬರ ಚಿತ್ರಗಳನ್ನು ಒಂದೆಡೆ ಸೇರಿಸಿತ್ತು. ಐದನೆಯ ಮುಖ ಸಿದ್ದರಾಮನದು. ಹಳೆಯ ಮನೆಚಿತ್ರಗಳಲ್ಲದೆ ಇನ್ನೂ ಹದಿನಾಲ್ಕು ಇದ್ದವು. ಹದಿನಾಲ್ಕು ಬೇರೆಬೇರೆ ಮದುವೆ, ಎಲ್ಲ 2020ರ ಈಚಿನವು. ಪ್ರತಿಯೊಂದರಲ್ಲೂ ಅವನು ಹಿಂದಿನ ಸಾಲಿನ ತುದಿಯಲ್ಲಿ, ಬಿಳಿ ಅಂಗಿ ತೊಟ್ಟು, ಅಕ್ಷತೆ ಎಸೆಯಲು ಬಲಗೈ ಎತ್ತಿ ನಿಂತಿದ್ದ. ಕೆಳಗೆ ಯಂತ್ರದ ಪ್ರಶ್ನೆ ಇಂಗ್ಲಿಷಿನಲ್ಲಿತ್ತು: ಇವರೆಲ್ಲ ಒಬ್ಬರೇನಾ?

ಅತ್ತೆ ನೀಲಾಬಾಯಿ ಬೆನ್ನ ಹಿಂದೆ ಬಂದು ನಿಂತಿದ್ದಳು.

"ಏಳು ವರ್ಷ ನೀ ಹುಡುಕಲಿಲ್ಲ, ಪೊಲೀಸರು ಹುಡುಕಲಿಲ್ಲ. ಈ ಡಬ್ಬಿ ಒಂದ ದಿನದಾಗ ನನ್ನ ಮಗನ್ನ ಹುಡುಕ್ತು ನೋಡು!"

"ಹುಡುಕಿಲ್ಲ ಬೇ. ಇವೆಲ್ಲ ನಾನಽ ಅಂಟಿಸಿದ್ದು."

ಅದು ನಿಜವೇ ಆಗಿತ್ತು. 2020ರಲ್ಲಿ ಕೊರೊನಾದಿಂದಾಗಿ ಮದುವೆಗೆ ಐವತ್ತು ಜನರ ಮಿತಿ ಬಂದಾಗ ಮದುವೆಮನೆಯವರಿಗೆ ಆಲ್ಬಮ್ಮು ಬಿಕೋ ಎನ್ನುತ್ತಿತ್ತು. ಮಂದಿ ತುಂಬಿಸಿ ಕೊಡಿ ಎಂದು ಕೇಳುತ್ತಿದ್ದರು. ಊರವರ ಮುಖ ತಂದು ಹಾಕಿದರೆ ಯಾರಾದರೂ ಗುರುತು ಹಿಡಿದು ಜಗಳ ತೆಗೆಯುತ್ತಾರೆಂದು ನಂದಾ ತನ್ನ ಮನೆಯವರನ್ನೇ ಹಳೆಯ ಚಿತ್ರಗಳಿಂದ ಕತ್ತರಿಸಿ 'ಮಂದಿ' ಎಂಬ ಫೋಲ್ಡರಿನಲ್ಲಿಟ್ಟಿದ್ದಳು. ಸಿದ್ದರಾಮನ ಚಿತ್ರ 2017ರ ಮೈದುನನ ಮದುವೆಯದು. ಮಿತಿ ಹೋದ ಮೇಲೂ ರೂಢಿ ಉಳಿಯಿತು.

"ಹಂಗಾರ ನನ್ನೂ ಕಳಿಸಿಯೇನು?"

"ನಾಕು ಲಗ್ನಕ್ಕ."

"ನಾಕು ಲಗ್ನ! ಒಂದರಾಗೂ ಊಟಕ್ಕ ಕೂಡ್ಸಲಿಲ್ಲಲ್ಲಽ ನಮ್ಮವ್ವ."

ನಂದಾ ನಕ್ಕಳು. ಆಮೇಲೆ ಹದಿನಾಲ್ಕನ್ನೂ ಒಂದೊಂದಾಗಿ ತನ್ನ ಕೆಲಸದ ಕಡತಗಳೊಂದಿಗೆ ಹೋಲಿಸಿದಳು. ಹದಿಮೂರು ಹೊಂದಿದವು. ಹದಿನಾಲ್ಕನೆಯದು ನಿಡೋಣಿಯದು. ಅದನ್ನು ಅವಳು ಅದುವರೆಗೆ ತೆರೆದೇ ಇರಲಿಲ್ಲ.

ರಾಜಾರಾಮನಿಗೆ ಫೋನ್ ಮಾಡಿದಳು. "ನಿಡೋಣಿ ಲಗ್ನದಾಗ ನನ್ನ ಮಂದಿ ಅಂಟಿಸಿ ಚ್ಯಾಷ್ಟಿ ಮಾಡಿಯೇನೋ?"

"ನನಗ ಅಂಟಸಾಕ ಬಂದಿದ್ರ ನಿಮಗ್ಯಾಕ ಕೊಡತಿದ್ನಿರೀ ಅಕ್ಕಾರ? ಕಾರ್ಡ್ ಹೆಂಗಿತ್ತೋ ಹಂಗಽ ಕೊಟ್ಟೇನಿ."

"ಹಿಂದಿನ ಸಾಲಿನ ಎಡಕ, ಕಡೀಕ ಯಾರು ನಿಂತಿದ್ರು?"

"ಅಲ್ಲಿ ಯಾರೂ ಇರಲಿಲ್ರಿ. ಅಲ್ಲಿ ಕೂಲರ್ ಇತ್ತು. ಅಕ್ಷತಿ ಹಾರತಾವಂತ ನಾನಽ ಬಂದ್ ಮಾಡ್ಸಿದ್ದೆ, ಬೀಗರು ಸೆಕಿ ಸೆಕಿ ಅಂತ ನನ್ನ ಬೈದ್ರು."

ಚಿತ್ರದಲ್ಲಿ ಕೂಲರ್ ಇತ್ತು. ಅದರ ಅರ್ಧವನ್ನು ಸಿದ್ದರಾಮ ಮರೆ ಮಾಡಿ ನಿಂತಿದ್ದ. ಏಳು ವರ್ಷದಲ್ಲಿ ಅವನಿಗೆ ಒಂದಿಷ್ಟೂ ವಯಸ್ಸಾಗಿರಲಿಲ್ಲ.

ಅಕ್ಷತೆಯ ಗಳಿಗೆಯಲ್ಲಿ ರಾಜಾರಾಮ ಗುಂಡಿ ಒತ್ತಿ ಹಿಡಿದೇ ಇರುತ್ತಾನೆ. ಸೆಕೆಂಡಿಗೆ ಎಂಟು ಚಿತ್ರ ಬೀಳುತ್ತವೆ. ನಂದಾ ಮುಂದಿನವುಗಳನ್ನು ತೆರೆದಳು. ಎರಡನೆಯದರಲ್ಲಿ ಅವನ ತಲೆ ಬಾಗಿತ್ತು, ಮುಖ ಕಾಣುತ್ತಿರಲಿಲ್ಲ. ಮೂರನೆಯದರಲ್ಲಿ ಬೆರಳು ಬಿಚ್ಚಿದ್ದವು, ಕಾಳು ಗಾಳಿಯಲ್ಲಿದ್ದವು. ಐದನೆಯದರಲ್ಲಿ ಕೈ ಕೆಳಗಿಳಿದಿತ್ತು. ಕತ್ತರಿಸಿಟ್ಟ ಚಿತ್ರದ ಕೈ ಇಳಿಯುವುದಿಲ್ಲ. ಆರನೆಯದರಲ್ಲಿ ಬೆನ್ನು ಅರ್ಧ ತಿರುಗಿತ್ತು. ಏಳನೆಯದರಲ್ಲಿ ಕೂಲರ್ ಒಂದೇ ಇತ್ತು. ಆರಕ್ಕೂ ಏಳಕ್ಕೂ ನಡುವೆ ಸೆಕೆಂಡಿನ ಎಂಟನೇ ಒಂದು ಭಾಗ. ಪಕ್ಕದಲ್ಲಿದ್ದ ಹೆಂಗಸಿನ ಸೆರಗೂ ಕದಲಿರಲಿಲ್ಲ.

ಹೊರಗೆ ಮಧ್ಯಾಹ್ನದ ಬಿಸಿಲು. ಸೊಲ್ಲಾಪುರದ ಕಡೆಗೆ ಲಾರಿಗಳು ಹೋಗುತ್ತಿದ್ದವು.

"ನಾಳೆ ಏನ ಹೇಳಾಕಿ?" ಎಂದಳು ನೀಲಾಬಾಯಿ. ಈ ಸಲ ದನಿಯಲ್ಲಿ ಕೊಂಕಿರಲಿಲ್ಲ.

ನಂದಾ ಪರದೆಯ ಮೇಲಿನ ಪ್ರಶ್ನೆಗೆ ಉತ್ತರ ಒತ್ತದೆ ಮ್ಯಾಕ್ ಮುಚ್ಚಿದಳು.

ಸೋಮವಾರ ಹತ್ತೂವರೆಗೆ ನ್ಯಾಯಾಲಯದ ಪಡಸಾಲೆಯಲ್ಲಿ ವಕೀಲ ಹಣಮಂತರಾಯರಿಗೆ ಎಲ್ಲವನ್ನೂ ಹೇಳಿದಳು. ಅರುಣಕುಮಾರನೂ ಅಲ್ಲೇ ನಿಂತು ಕೇಳಿದ.

"ಕಂಪ್ಯೂಟರ್ ಮಾತು ಒಳಗ ಬ್ಯಾಡ," ಎಂದರು ವಕೀಲರು. "ನೋಡಿಲ್ಲ ಅನ್ರಿ, ಮುಗೀತು. ಬ್ಯಾರೆ ಏನರ ಅಂದ್ರ ಅರ್ಜಿ ಬೀಳತೈತಿ."

"ನಂದಾ, ನೀ ಕಣ್ಣಾರೆ ನೋಡಿಲ್ಲಲ್ಲ," ಎಂದ ಅರುಣಕುಮಾರ. ಅದು ಬೇಡಿಕೆಯಂತೆ ಕೇಳಿಸಿತು.

ಹನ್ನೊಂದು ಇಪ್ಪತ್ತಕ್ಕೆ ಅವಳು ಪ್ರಮಾಣ ಮಾಡಿ ಕಟಕಟೆಯಲ್ಲಿ ನಿಂತಳು. ವಕೀಲರು ಕೇಳಿದರು: ಏಳು ವರ್ಷದಲ್ಲಿ ಗಂಡನನ್ನು ಎಲ್ಲಿಯಾದರೂ ನೋಡಿದ್ದೀರಾ?

ನಂದಾ ಅರುಣಕುಮಾರ ಕುಳಿತ ಬೆಂಚಿನ ಕಡೆ ನೋಡಿದಳು. ಅವನ ಹಿಂದೆ ಗೋಡೆಯ ಬದಿಗೆ ಜಾಗ ಖಾಲಿ ಇತ್ತು.

"ನೋಡೇನ್ರಿ," ಎಂದಳು. "ಹದಿನಾಲ್ಕು ಲಗ್ನದಾಗ. ಹದಿಮೂರಕ್ಕ ನಾನಽ ಕರಕೊಂಡು ಹೋಗಿದ್ದೆ. ಒಂದಕ್ಕ ತಾನಽ ಬಂದಿದ್ದ."